ತಲೆನೋವಿನ ಪುಡಿ ಮಡಿಸುತ್ತಿದ್ದ ಮೇಜು

ತಲೆನೋವಿನ ಪುಡಿ ಮಡಿಸುವುದು ನೋಡುವವರಿಗೆ ಕಾಣುವಷ್ಟು ಸುಲಭದ ಕೆಲಸವಲ್ಲ. ಅಂಗೈಯಗಲದ ಬಿಳಿ ಕಾಗದಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಸಾಲಾಗಿ ಹರಡಬೇಕು. ಪ್ರತಿಯೊಂದರ ನಡುವೆ ಕೊಂಬಿನ ಚಮಚದಿಂದ ಒಂದಳತೆ ಪುಡಿ ಹಾಕಬೇಕು. ಮೇಲಿನ ಅಂಚನ್ನು ಕೆಳಗಿನದಕ್ಕೆ ತಂದು, ಬೆರಳಗಲ ಮಡಿಸಿ, ಮತ್ತೊಮ್ಮೆ ಮಡಿಸಿ, ಎರಡೂ ತುದಿಗಳನ್ನು ತಗಡಿನ ಅಚ್ಚಿನ ಮೇಲೆ ಬಗ್ಗಿಸಿ ಒಂದರೊಳಗೊಂದು ಸೇರಿಸಬೇಕು. ಉಸಿರು ಸ್ವಲ್ಪ ಜೋರಾದರೆ ಪುಡಿ ಹಾರುತ್ತದೆ. ನಕ್ಕರಂತೂ ಕೇಳುವುದೇ ಬೇಡ. ಆದರೆ ಪ್ರಾಥರ್ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಗದೆ ಪುಡಿ ಮಡಿಸಿದ ಒಂದು ದಿನವೂ ಫೀನಿಗೆ ನೆನಪಿಲ್ಲ.

ಅವಳ ಪೂರ್ತಿ ಹೆಸರು ಟ್ರೈಫೀನ. ಅಷ್ಟುದ್ದ ಕರೆಯುತ್ತಿದ್ದವರು ಪಾದ್ರಿಗಳೊಬ್ಬರೇ. ಈಗ ಐವತ್ತರ ಹತ್ತಿರ ಬಂದು ನಿಂತಿರುವ ಅವಳು ಮನೆ ಎಂದು ನೆನೆದರೆ ಕಣ್ಣ ಮುಂದೆ ಬರುವುದು ಆ ಕೋಣೆ. ಒಹಾಯೊ ನದಿಯ ಕಡೆಗೆ ತೆರೆದ ಒಂದು ಕಿಟಕಿ, ಅಮೃತಶಿಲೆ ಹಾಸಿದ ಉದ್ದನೆಯ ಮೇಜು, ಮೇಜಿನ ಈ ಬದಿ ಅಮ್ಮ, ಆ ಬದಿ ಕೆಜಾಯ ಅತ್ತೆ, ತುದಿಯಲ್ಲಿ ಮೈದಾ ಅಂಟಿನ ಬಟ್ಟಲಿಟ್ಟುಕೊಂಡು ಪೊಟ್ಟಣ ತುಂಬುವ ಡಬ್ಬಿಗಳಿಗೆ ಚೀಟಿ ಅಂಟಿಸುವ ತಾನು. ಅಪ್ಪ ಲೈಮನ್ ಪ್ರಾಥರ್ ಮುಂದಿನ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಇರುತ್ತಿದ್ದ. ಒಳಗಿನ ನಗು ಜಾಸ್ತಿಯಾದರೆ ಬಾಗಿಲಲ್ಲಿ ಕನ್ನಡಕ ಇಣುಕುತ್ತಿತ್ತು.

"ಇಲ್ಲೇನು ಔಷಧಿ ಮಾಡ್ತಿದೀರೋ, ಮದುವೆ ಮಾಡ್ತಿದೀರೋ?"

"ಮದುವೇನೇ ಕಣಣ್ಣಾ, ನಂದು. ಗಂಡು ಸಿಕ್ಕಿದ ತಕ್ಷಣ ನಿಂಗೂ ಹೇಳಿ ಕಳಿಸ್ತೀನಿ," ಎನ್ನುತ್ತಿದ್ದಳು ಮದುವೆಯಾಗದೆ ನಲವತ್ತೈದಾಗಿದ್ದ ಕೆಜಾಯ ಅತ್ತೆ, ಕೈ ನಿಲ್ಲಿಸದೆ. ಅವಳು ಗಂಟೆಗೆ ಇನ್ನೂರು ಮಡಿಸುತ್ತಿದ್ದಳು.

ಅಮ್ಮ ಅಷ್ಟು ಚುರುಕಲ್ಲ. ಆದರೆ ಆ ಮೇಜಿನ ಜೀವ ಅಮ್ಮನೇ. ಚರ್ಚಿನ ಹಾಡುಗಳ ರಾಗಕ್ಕೆ ಊರವರ ಹೆಸರು ಸೇರಿಸಿ ಹಾಡುವಳು. ಪಾದ್ರಿಯ ಹೆಂಡತಿ ಮೂಗೆತ್ತಿ ನಡೆಯುವುದನ್ನು ಕೂತಲ್ಲೇ ಮಾಡಿ ತೋರಿಸುವಳು. ಫೀನಿ ಹುಟ್ಟಾ ಮಾತು ಕಡಿಮೆಯ ಹುಡುಗಿ. ಆ ಮೇಜಿನ ತುದಿಯಲ್ಲಿ ಕೂತಾಗ ಮಾತ್ರ ಅವಳಿಗೆ ಯಾರೂ ಮಾತಾಡು ಎಂದು ಒತ್ತಾಯ ಮಾಡುತ್ತಿರಲಿಲ್ಲ. ಅಲ್ಲಿ ಸುಮ್ಮನಿರುವುದಕ್ಕೂ ಒಂದು ಜಾಗವಿತ್ತು.

ಆ ಅಮ್ಮ ಮೊದಲಿಂದಲೂ ಹಾಗಿದ್ದವಳಲ್ಲ. ಫೀನಿಯ ಬಾಲ್ಯದ ಅಮ್ಮ ಒಂದು ಮುಚ್ಚಿದ ಬಾಗಿಲು. ತಲೆನೋವು ಬಂತೆಂದರೆ ಮೂರು ದಿನ ಪರದೆ ಎಳೆದು ಮಲಗಿರುತ್ತಿದ್ದಳು. ಮಗಳು ಕಾಲುಚೀಲದಲ್ಲೇ ಓಡಾಡಬೇಕು, ತಟ್ಟೆಗೆ ಚಮಚ ತಾಗಿಸಬಾರದು. ಫೀನಿಗೆ ಹದಿಮೂರಾದ ವರ್ಷ ಅಪ್ಪ ಈ ಪುಡಿ ಕಲೆಸಿದ. ಅಸಿಟನಿಲೈಡ್ ಅನ್ನುವ ಒಂದು ಬಿಳಿ ಮದ್ದು, ಸ್ವಲ್ಪ ಸೋಡ, ಸಕ್ಕರೆ, ಕಹಿ ಮುಚ್ಚಲು ಎರಡು ಹನಿ ಪುದೀನ ಎಣ್ಣೆ. ಮೊದಲ ಪೊಟ್ಟಣ ನೀರಿಗೆ ಹಾಕಿ ಕುಡಿಸಿದ್ದು ಹೆಂಡತಿಗೇ. ಅರ್ಧ ಗಂಟೆಯಲ್ಲಿ ಅಮ್ಮ ಎದ್ದು ಬಂದು ಪರದೆ ಸರಿಸಿ, "ಮಿಸ್ಟರ್ ಪ್ರಾಥರ್, ಹಸಿವಾಗ್ತಿದೆ ರೀ," ಎಂದಿದ್ದಳು. ಆವತ್ತು ಅಪ್ಪ ಅಳುವುದನ್ನು ಫೀನಿ ಮೊದಲ ಸಲ ನೋಡಿದಳು. ಹಾಗಾಗಿಯೇ ಅದಕ್ಕೆ ನೆಮ್ಮದಿ ಪುಡಿ ಎಂದು ಹೆಸರಿಟ್ಟದ್ದು. ಚೀಟಿಯ ಮೇಲೆ ದಪ್ಪಕ್ಷರದಲ್ಲಿ 'ಪೂರ್ತಿ ನಿರಪಾಯ. ಹೃದಯಕ್ಕೆ ತೊಂದರೆಯಿಲ್ಲ. ಅಭ್ಯಾಸ ಹಿಡಿಯುವುದಿಲ್ಲ' ಎಂದು ಅಚ್ಚು ಹಾಕಿಸಿದ. ಅದು ಅವನು ಕಣ್ಣಾರೆ ಕಂಡದ್ದು.

ಆಮೇಲೆ ದೇಶಕ್ಕೇ ಹೊಸ ಕಾಯಿದೆ ಬಂತು. ಔಷಧಿಯಲ್ಲಿ ಏನೇನಿದೆ ಎಂದು ಚೀಟಿಯ ಮೇಲೆ ಹೇಳಬೇಕು, ಸುಳ್ಳು ಹೇಳಬಾರದು. ಅಪ್ಪ ಅಸಿಟನಿಲೈಡ್ ಎಷ್ಟಿದೆ ಎಂಬುದನ್ನು ಚೀಟಿಯ ಬದಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಹಾಕಿಸಿ, ಎಲ್ಲ ತಯಾರಕರಂತೆ ತನ್ನ ಪುಡಿ ಕಾಯಿದೆಗೆ ತಕ್ಕಂತಿದೆಯೆಂದು ವಾಷಿಂಗ್ಟನ್ನಿಗೆ ಒಂದು ಕಾಗದ ಬರೆದ. ಅಲ್ಲಿಂದ ಐದಂಕಿಯ ನಂಬರೊಂದು ಬಂತು. ಅಂದಿನಿಂದ ಪ್ರತಿ ಚೀಟಿಯ ಕೆಳಗೂ ಒಂದು ಸಾಲು: 'ಆಹಾರ ಮತ್ತು ಔಷಧ ಕಾಯಿದೆಯ ಪ್ರಕಾರ ಗ್ಯಾರಂಟಿ', ಪಕ್ಕದಲ್ಲಿ ಆ ನಂಬರು.

ಆ ನಂಬರಿನ ಚೀಟಿಗಳು ಅಚ್ಚಾಗಿ ಬಂದ ದಿನ ಕೆಜಾಯ ಅತ್ತೆ ಆರು ಮೊಟ್ಟೆಯ ಕೇಕು ಮಾಡಿದ್ದಳು. ಊರಿನ ಅಂಚೆಯವನಿಂದ ಹಿಡಿದು ಬ್ಯಾಂಕಿನವರ ತನಕ ಎಲ್ಲರೂ ಬಂದು ಅಪ್ಪನ ಕೈ ಕುಲುಕಿದರು. "ಸರ್ಕಾರವೇ ಪರೀಕ್ಷೆ ಮಾಡಿ ಸೈ ಅಂದಿದೆಯಂತೆ!" ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಎಲ್ಲರಿಗೂ ಕೇಕು ಕೊಟ್ಟ. ಅಮ್ಮ ಚೀಟಿಯನ್ನು ಬೆಳಕಿಗೆ ಹಿಡಿದು ನಂಬರನ್ನು ಎರಡು ಸಲ ಓದಿದಳು.

"ಇಷ್ಟು ದಿನ ದಿನಕ್ಕೆ ಎರಡೇ ಅಂತ ಹೆದರ್ಕೊಂಡು ತಗೋತಿದ್ದೆ ನೋಡು," ಎಂದಳು ಕೆಜಾಯಳಿಗೆ. "ಇನ್ಯಾಕೆ ಹೆದರ್ಬೇಕು?"

ಎರಡು ನಾಲ್ಕಾಯಿತು. ನಾಲ್ಕು ಯಾವಾಗ ಆರಾಯಿತೋ ಯಾರೂ ಗಮನಿಸಲಿಲ್ಲ. ಮಡಿಸುವ ಮೇಜಿನಲ್ಲೇ ಕೂತಿರುವವಳಿಗೆ ಪುಡಿ ಕೈಯಳತೆಯಲ್ಲೇ ಇತ್ತು. ಕೈ ತಣ್ಣಗಿರುತ್ತದೆಂದು ಜೂನ್ ತಿಂಗಳಲ್ಲೂ ಹೆಣೆದ ಕೈಗವಸು ಹಾಕಿಕೊಳ್ಳುವಳು. ಮಡಿಸುವಾಗ ಮಾತ್ರ ಬಲಗೈಯದನ್ನು ಬಿಚ್ಚುವಳು. ಎರಡು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುವಳು. ತುಟಿ ಬಣ್ಣಗೆಟ್ಟಿತ್ತು. ಕೆಜಾಯ ಅತ್ತೆಗೆ ಅದೂ ಒಂದು ತಮಾಷೆ.

"ಅತ್ತಿಗೇ, ಯಾರ ಬೇಲಿ ಹಾರಿ ಬ್ಲ್ಯಾಕ್‌ಬೆರಿ ತಿಂದು ಬಂದ್ರಿ? ಕನ್ನಡೀಲಿ ತುಟಿ ನೋಡ್ಕೊಳ್ಳಿ, ಕಳ್ಳತನ ಹೇಗೆ ಎದ್ದು ಕಾಣ್ತಿದೆ."

"ನಿಮ್ಮಣ್ಣ ಹೊಟ್ಟೆಗೆ ಹಾಕ್ದೆ ಇದ್ರೆ ಏನ್ ಮಾಡ್ಲೇ? ಬೇಲಿ ಹಾರ್ಲೇಬೇಕು."

ಎಲ್ಲರೂ ನಗುತ್ತಿದ್ದರು. ಫೀನಿಯೂ ನಕ್ಕಿದ್ದಳು. ಆಮೇಲೆ ಅವಳಿಗೆ ಬಹಳ ವರ್ಷ ಕಾಡಿದ್ದು ತಾನೂ ನಕ್ಕದ್ದು.

ಶನಿವಾರ ಬೆಳಗ್ಗೆ ಬುಟ್ಟಿ ತುಂಬ ಪುಡಿಯಿಟ್ಟುಕೊಂಡು ದೋಣಿಗಟ್ಟೆಗೆ ಹೋಗುವುದು ಫೀನಿಯ ಪಾಲಿನ ಕೆಲಸ. ನದಿಯ ಈ ದಡ ಒಹಾಯೊ ರಾಜ್ಯ, ಆಚೆ ದಡ ವೆಸ್ಟ್ ವರ್ಜೀನಿಯ. ಅಲ್ಲೊಂದು ಗಾಜಿನ ಕಾರ್ಖಾನೆ. ಅಲ್ಲಿ ಲೋಟ, ದೀಪದ ಬುರುಡೆಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಹುಡುಗಿಯರು ಅರ್ಧಕ್ಕರ್ಧ ಈ ದಡದವರು. ಬೆಳಗ್ಗೆ ಆರರ ಉಗಿದೋಣಿಯಲ್ಲಿ ಹೋಗಿ ಸಂಜೆ ಆರಕ್ಕೆ ಮರಳುವರು. ಕುಲುಮೆಯ ಕಾವಿಗೆ ಅವರಲ್ಲಿ ತಲೆ ನೋಯದವರೇ ಇರಲಿಲ್ಲ.

ಬುಟ್ಟಿ ಹಿಡಿದು ಕೂಗಿ ಮಾರುವುದು ಫೀನಿಯ ಜೀವಕ್ಕೆ ಆಗದ ಮಾತು. ಹಲಗೆ ಹತ್ತಿ ಜನ ನುಗ್ಗುವ ಹೊತ್ತಿನಲ್ಲಿ ಅವಳು ದೋಣಿಯೊಳಗೆ ಹೊಗೆಕೊಳವೆಯ ಹಿಂದೆ ಗೋಡೆಗಂಟಿ ನಿಂತುಬಿಡುವಳು. ದೋಣಿಯ ಹಗ್ಗ ಬಿಚ್ಚಿ, ಚಕ್ರ ನೀರು ಬಡಿಯಲು ಶುರುವಾಗಿ, ಎಲ್ಲರೂ ಕಟಕಟೆಗೆ ಒರಗಿ ನದಿ ನೋಡುವಾಗ ಮಾತ್ರ ಮೆಲ್ಲಗೆ ಹೊರಗೆ ಬರುವಳು. ಆಗ ಹುಡುಗಿಯರೇ ಬಂದು ಬುಟ್ಟಿಗೆ ಕೈಹಾಕುವರು. ಒಬ್ಬಳು ಒಟೀಲಿಯ ಎಂಬ ಜರ್ಮನ್ ಹುಡುಗಿ, ಕೆಂಪು ಕೂದಲಿನವಳು. ಅವಳಂತೂ ಎರಡೆರಡು ಡಬ್ಬಿ ತೆಗೆದುಕೊಳ್ಳುವಳು.

"ಬಂದ್ಯಾ ಬಿಲದಿಂದ?" ಎಂದು ಚುಕ್ಕಾಣಿ ಹಿಡಿದ ಕ್ಯಾಪ್ಟನ್ ಸ್ಟೈವರ್ಸ್ ಪ್ರತಿ ಶನಿವಾರವೂ ಕೂಗುವನು. "ಹಗ್ಗ ಬಿಚ್ಚೋ ತನಕ ಈ ಹುಡುಗಿ ಮುಖ ಕಂಡೋರಿಲ್ಲ ಕಣ್ರಪ್ಪಾ! ಗೊತ್ತೇನಮ್ಮಾ, ನಮ್ಮ ದಡದ ನೀರಂಚಿಂದ ಆಚೆಗೆ ಇಡೀ ನದಿ ವೆಸ್ಟ್ ವರ್ಜೀನಿಯದ್ದು. ನಮ್ಮೂರವನು ಗಾಳ ಹಾಕಿದ್ರೂ ಪರರಾಜ್ಯದ ಮೀನೇ ಕಚ್ಚೋದು. ನೀನು ಯಾರ್ ಜೊತೆಗಾದ್ರೂ ಓಡಿಹೋಗ್ಬೇಕು ಅಂದ್ರೆ ಆ ದಡದ ತನಕ ಹೋಗೋ ಕಷ್ಟ ಬೇಡ. ಹಗ್ಗ ಬಿಚ್ಚಿದ ಕೂಡ್ಲೇ ಇಲ್ಲೇ ಮದುವೆ ಮಾಡಿಸ್ಬಿಡ್ತೀನಿ."

ಫೀನಿ ಕಿವಿಯ ತನಕ ಕೆಂಪಾಗುವಳು. ಹುಡುಗಿಯರು ಶಿಳ್ಳೆ ಹೊಡೆಯುವರು. ಮಂಜು ಮೇಲೇಳುತ್ತಿದ್ದ ಆ ನೀರು, ಹುಡುಗಿಯರ ತಿಂಡಿಡಬ್ಬಿಯಿಂದ ಬರುತ್ತಿದ್ದ ಸೇಬಿನ ಮುರಬ್ಬದ ವಾಸನೆ, ಬೈಗುಳದಂಥ ಆ ಪ್ರೀತಿ, ಇವೆಲ್ಲ ಮುಗಿಯುವಂಥವು ಎಂದು ಅವಳಿಗೆ ಒಂದು ಸಲವೂ ಅನ್ನಿಸಿರಲಿಲ್ಲ.

ಸಾವಿರದ ಒಂಬೈನೂರ ಒಂಬತ್ತರ ಆಗಸ್ಟಿನಲ್ಲಿ ಒಂದು ಸೋಮವಾರ ಒಟೀಲಿಯ ಕಾರ್ಖಾನೆಯಲ್ಲಿ ಪೆಟ್ಟಿಗೆಯ ಮೇಲೇ ಕುಸಿದುಬಿದ್ದಳು. ಕಾರ್ಖಾನೆಯ ಡಾಕ್ಟರ್ ಬಂದು ನೋಡಿ, ಅವಳ ಏಪ್ರನ್ನಿನ ಜೇಬಿನಲ್ಲಿದ್ದ ಡಬ್ಬಿಯನ್ನು ಸರ್ಕಾರಕ್ಕೆ ಕಳಿಸಿದ. ಜೀವಕ್ಕೇನೂ ಆಗಲಿಲ್ಲ, ಹತ್ತು ದಿನದಲ್ಲಿ ಎದ್ದು ಕೂತಳು. ಆದರೆ ಸೆಪ್ಟೆಂಬರಿನಲ್ಲಿ ಅಪ್ಪನ ಹೆಸರಿಗೆ ಉದ್ದನೆಯ ಲಕೋಟೆ ಬಂತು. ನಿಮ್ಮ ಪುಡಿಯ ಮೇಲೆ ಬರೆದಿರುವುದು ಸುಳ್ಳೆಂದು ಕಂಡುಬಂದಿದೆ. ಈ ಸರಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಿದೆ. ನಿಮ್ಮ ಮೇಲೆ ಮೊಕದ್ದಮೆ ಯಾಕೆ ಹೂಡಬಾರದು, ಬಂದು ಹೇಳಿ.

ಅಪ್ಪ ಲಕೋಟೆಯನ್ನು ಅಮೃತಶಿಲೆಯ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡಿದ. "ಸುಳ್ಳಂತೆ! ಈ ಊರಲ್ಲಿ ಇಪ್ಪತ್ತೊಂದು ವರ್ಷದಿಂದ ಔಷಧಿ ಕೊಡ್ತಿದೀನಿ. ನನ್ನ ಬಾಯಲ್ಲಿ ಸುಳ್ಳು!"

"ನಂಬರು ಕೊಟ್ಟೋರೂ ಅವರೇ, ಸುಳ್ಳು ಅನ್ನೋರೂ ಅವರೇ," ಎಂದಳು ಅಮ್ಮ. "ಮಿಸ್ಟರ್ ಪ್ರಾಥರ್, ನೀವು ಹೋಗಿ ಆ ನಂಬರು ತೋರ್ಸಿ. ನಾನೂ ಬರ್ತೀನಿ. ಆರು ವರ್ಷದಿಂದ ತಗೋತಿರೋ ಹೆಂಗಸು ಕಣ್ಣೆದುರಿಗೆ ಕೂತಿದ್ರೆ ಏನಂತಾರೆ ನೋಡೋಣ."

ವಕೀಲ ಪಿಂಕ್ನಿ ಬಂದು ಕೂತು ಎರಡು ಹೋಳು ಪೈ ತಿಂದು ಮುಗಿಸುವಷ್ಟರಲ್ಲಿ ಇಡೀ ವಿಷಯವನ್ನು ಒಂದೇ ಎಳೆಗೆ ತಂದು ನಿಲ್ಲಿಸಿದ. "ನೋಡಿ ಪ್ರಾಥರ್, ಈ ಕಾಯಿದೆಗೆ ಕಾಲಿರೋದು ರಾಜ್ಯದ ಗಡಿ ದಾಟಿದ ಸಾಮಾನಿನ ಮೇಲೆ ಮಾತ್ರ. ನಮ್ಮ ದಡದಲ್ಲೇ ಮಾರಿದ್ರೆ ವಾಷಿಂಗ್ಟನ್ನಿನೋರು ಮುಟ್ಟೋ ಹಾಗಿಲ್ಲ. ಇಲ್ಲಿನ ಅಧಿಕಾರಿಗಳು ಹೇಗೂ ನಮ್ಮೋರೇ, ಅವರನ್ನ ನಾನು ನೋಡ್ಕೋತೀನಿ. ಆ ಜರ್ಮನ್ ಹುಡುಗಿಗೆ ದೋಣಿ ನಿಂತಿತ್ತೋ ಹೊರಟಿತ್ತೋ ನೆನಪಿಲ್ಲವಂತೆ, ಪಾಪ, ತಲೆನೋವಲ್ಲಿ ಕೈ ಚಾಚಿದ್ಲಂತೆ. ಉಳಿದಿದ್ದು ನಿಮ್ಮ ಮಗಳು." ಅವನು ಫೀನಿಯ ಕಡೆ ತಿರುಗಿದ. "ದೋಣಿ ಇನ್ನೂ ದಡಕ್ಕೆ ಕಟ್ಟಿತ್ತು. ಅಷ್ಟೇ ಹೇಳಮ್ಮ. ಆಮೇಲೆ ಆ ಹುಡುಗಿ ತಾನೇ ಜೇಬಲ್ಲಿ ಹಾಕ್ಕೊಂಡು ಹೋದ್ಲು. ಅದು ಅವಳ ಪ್ರಯಾಣ, ನಿಮ್ಮ ವ್ಯಾಪಾರ ಅಲ್ಲ."

"ಇವಳ ಬಾಯಿಂದ ಮಾತು ಹೊರಡಿಸ್ಬೇಕಾದ್ರೆ ಇಕ್ಕಳ ಬೇಕು," ಎಂದಳು ಕೆಜಾಯ ಅತ್ತೆ.

"ಮೂರು ಮಾತು ಸಾಕು ತಾಯಿ."

ಫೀನಿ ಅಪ್ಪನ ಮುಖ ನೋಡಿದಳು. ಅಪ್ಪ ಅವಳ ಕಡೆ ನೋಡದೆ, "ಕಟ್ಟಿರ್ತಿತ್ತು ಅಲ್ವೇನಮ್ಮ, ಎಷ್ಟೋ ಸಲ?" ಎಂದ. ಆ ಧ್ವನಿ ಬೇಡಿಕೊಳ್ಳುತ್ತಿತ್ತು. ಅವಳು ತಲೆಯಾಡಿಸಿದಳು. ಹಗ್ಗ ಬಿಚ್ಚುವ ತನಕ ಅವಳು ಅಡಗಿರುವ ವಿಷಯ ಅಪ್ಪನಿಗೆ ಗೊತ್ತಿತ್ತು. ಕ್ಯಾಪ್ಟನ್ ಸ್ಟೈವರ್ಸನ ತಮಾಷೆಯನ್ನು ಅವನು ಎಷ್ಟು ಸಲ ಕೇಳಿ ನಕ್ಕಿಲ್ಲ! ಆದರೆ ಅಪ್ಪನಿಗಾಗಿ ಮೂರು ಮಾತು ಹೇಳಲಾರದಷ್ಟು ಕಲ್ಲಾಗಿರಲಿಲ್ಲ ಅವಳು. ಆ ವಾರವೆಲ್ಲ ಕೈ ಚೀಟಿ ಅಂಟಿಸುತ್ತಿದ್ದರೂ ಮನಸ್ಸು 'ದೋಣಿ ದಡಕ್ಕೆ ಕಟ್ಟಿತ್ತು' ಎಂದು ಬಾಯಿಪಾಠ ಮಾಡುತ್ತಿತ್ತು.

ವಿಚಾರಣೆ ನಡೆದದ್ದು ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ದೊಡ್ಡ ಊರಿನಲ್ಲಿ, ಅಂಚೆ ಕಚೇರಿಯ ಮಾಳಿಗೆಯಲ್ಲಿ. ಕೋರ್ಟಿನ ಠೀವಿ ಅಲ್ಲೇನೂ ಇರಲಿಲ್ಲ. ಒಂದು ಮೇಜು, ಆರು ಕುರ್ಚಿ, ಕೆಳಗಿನಿಂದ ಮುದ್ರೆ ಕುಟ್ಟುವ ಸದ್ದು. ಸರ್ಕಾರದ ಇನ್ಸ್‌ಪೆಕ್ಟರ್ ಕೋಟ್ಸ್ ಎಂಬಾತ ಬೆನ್ನು ಬಾಗಿದ, ಬಡಕಲು ಮನುಷ್ಯ. ಹೊಟ್ಟೆಯ ತೊಂದರೆಯಂತೆ, ಮಾತಿನ ನಡುವೆ ಬೆಚ್ಚಗಿನ ಹಾಲು ಗುಟುಕರಿಸುತ್ತಿದ್ದ. ಮೆಟ್ಟಿಲು ಹತ್ತಿ ಬಂದ ಅಮ್ಮ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಏದುಸಿರು ಬಿಡುತ್ತಿದ್ದಳು. ಕೋಟ್ಸ್ ಎದ್ದು ಅವಳಿಗೆ ಕಿಟಕಿ ತೆರೆದುಕೊಟ್ಟ.

ಆಮೇಲೆ ಕಾರ್ಖಾನೆಯ ಡಾಕ್ಟರ ಕಾಗದ ಓದಿದ. "ಹುಡುಗಿಗೆ ಇಪ್ಪತ್ತೆರಡು ವಯಸ್ಸು. ದಿನಕ್ಕೆ ಎಂಟು ಪೊಟ್ಟಣದವರೆಗೆ ಸೇವನೆ. ತುಟಿ ನೇರಳೆ. ಉಗುರು ಸ್ಲೇಟಿನ ಬಣ್ಣ. ಕೈ ತಣ್ಣಗೆ. ನಡೆದರೆ ಏದುಸಿರು. ಹೃದಯದ ಬಡಿತ ತೀರ ಸೋತಿದೆ. ಪುಡಿ ನಿಲ್ಲಿಸದಿದ್ದರೆ ಬದುಕುವುದು ಕಷ್ಟವೆಂದು ಹೇಳಿದ್ದೇನೆ. ಅಷ್ಟೊಂದು ಯಾಕೆ ತೆಗೆದುಕೊಂಡೆ ಎಂದು ಕೇಳಿದ್ದಕ್ಕೆ, ಸರ್ಕಾರವೇ ಪರೀಕ್ಷಿಸಿ ನಂಬರು ಕೊಟ್ಟಿದೆಯಲ್ಲ ಎಂದು ಡಬ್ಬಿ ತೋರಿಸಿದಳು."

ಫೀನಿಗೆ ಮೊದಲು ಅರ್ಥವಾಗಲಿಲ್ಲ. ಒಟೀಲಿಯಳ ವಿಷಯ ಓದುತ್ತಿದ್ದಾರೆ, ಆದರೆ ಇದು ಒಟೀಲಿಯ ಅಲ್ಲವಲ್ಲ ಅನ್ನಿಸಿತು. ತುಟಿ, ಕೈ, ಮೆಟ್ಟಿಲು. ಅವಳು ಮೆಲ್ಲಗೆ ತಲೆ ತಿರುಗಿಸಿದಳು. ಕಿಟಕಿಯ ಬೆಳಕು ಅಮ್ಮನ ಮುಖದ ಮೇಲೆ ನೇರ ಬಿದ್ದಿತ್ತು. ಹಿಂದಿನ ಕೋಣೆಯ ಮಬ್ಬಿನಲ್ಲಿ ಇಷ್ಟು ವರ್ಷ ನೋಡಿದ್ದ ಮುಖವನ್ನು ಬಯಲ ಬೆಳಕಿನಲ್ಲಿ, ಬೇರೆಯವರ ಕಣ್ಣಲ್ಲಿ ಎಂಬಂತೆ ನೋಡಿದಳು.

ಅಮ್ಮ ಅದೊಂದನ್ನೂ ಹಚ್ಚಿಕೊಂಡಂತೆ ಕಾಣಲಿಲ್ಲ. ಅವಳು ಹಿಡಿದದ್ದು ಕೊನೆಯ ಸಾಲನ್ನು ಮಾತ್ರ. "ಪರೀಕ್ಷೆ ಮಾಡೇ ಕೊಟ್ಟಿದ್ದಲ್ವ ಸ್ವಾಮಿ? ಹುಡುಗಿ ಹೇಳಿದ್ರಲ್ಲಿ ತಪ್ಪೇನು?"

ಕೋಟ್ಸ್ ಹಾಲಿನ ಲೋಟ ಕೆಳಗಿಟ್ಟ. "ಇಲ್ಲಮ್ಮ. ಗ್ಯಾರಂಟಿ ಕೊಟ್ಟಿರೋದು ನಿಮ್ಮ ಯಜಮಾನರು, ನಾವಲ್ಲ. ಅವರ ಕಾಗದ ನಮ್ಮ ಕಡತದಲ್ಲಿದೆ ಅನ್ನೋದಕ್ಕೊಂದು ನಂಬರು, ಅಷ್ಟೇ. ನಾವು ಒಂದು ಪೊಟ್ಟಣಾನೂ ಬಿಚ್ಚಿ ನೋಡಿರ್ಲಿಲ್ಲ. ದೇಶದಲ್ಲಿ ಎಲ್ಲರೂ ಹೀಗೇ ತಪ್ಪು ತಿಳ್ಕೊಂಡಿದಾರೆ. ನಂಬರು ಕಳಿಸಿದ ಕಾಗದದಲ್ಲೇ ಬರೆದಿರ್ತೀವಿ, ಇದು ಸರ್ಕಾರದ ಒಪ್ಪಿಗೆ ಅಲ್ಲ ಅಂತ."

"ಹಾಗೇನೂ ಬರೆದಿರ್ಲಿಲ್ಲ," ಎಂದಳು ಅಮ್ಮ. "ಅಲ್ವ, ಮಿಸ್ಟರ್ ಪ್ರಾಥರ್?"

ಅಪ್ಪ ತನ್ನ ಹ್ಯಾಟಿನ ಅಂಚನ್ನೇ ನೋಡುತ್ತಿದ್ದ. ಕೆಳಗೆ ಮುದ್ರೆ ಕುಟ್ಟುವವನು ನಾಲ್ಕು ಸಲ ಕುಟ್ಟಿದ. "ಬರೆದಿತ್ತು," ಎಂದ ಅಪ್ಪ.

ಪಿಂಕ್ನಿ ವಕೀಲ ಗಂಟಲು ಸರಿಮಾಡಿಕೊಂಡು ಎದ್ದ. "ಅದೆಲ್ಲ ಪಕ್ಕಕ್ಕಿರಲಿ. ಈ ಸರಕು ಗಡಿ ದಾಟಿ ಮಾರಾಟವಾಯ್ತಾ ಅನ್ನೋದೇ ಇವತ್ತಿನ ಪ್ರಶ್ನೆ. ಅದಕ್ಕೆ ಈ ಹುಡುಗಿ ಉತ್ತರ ಕೊಡ್ತಾಳೆ. ಹೇಳಮ್ಮ, ನೀನು ಆ ಡಬ್ಬಿ ಕೊಟ್ಟಾಗ ದೋಣಿ ಎಲ್ಲಿತ್ತು?"

ಬಾಯಿಪಾಠ ಮಾಡಿದ ಮೂರು ಮಾತು ಅವಳ ನಾಲಿಗೆಯ ತುದಿಯಲ್ಲೇ ಕೂತಿದ್ದವು. ಅವನ್ನು ಆಡಿದರೆ ಎಲ್ಲರೂ ಮಧ್ಯಾಹ್ನದ ರೈಲಿಗೆ ಮನೆ ಸೇರುತ್ತಾರೆ, ನಾಳೆ ಮತ್ತೆ ಮೇಜು, ಹಾಡು, ಅತ್ತೆಯ ತಮಾಷೆ. ಅಮ್ಮನ ಕೈಯಳತೆಯಲ್ಲಿ ಪುಡಿ. ಇವತ್ತು ಆರು, ಚಳಿಗಾಲಕ್ಕೆ ಎಂಟು. ಅಲ್ಲಿಂದ ಮುಂದಕ್ಕೆ ಅವಳ ಯೋಚನೆ ಹೋಗಲಿಲ್ಲ, ಹೋಗಲು ಹೆದರಿತು.

"ದೋಣಿ..." ಎಂದಳು. ಸ್ವರ ಅವಳಿಗೇ ಕೇಳಿಸಲಿಲ್ಲ.

"ಜೋರಾಗಿ ಹೇಳು ಮಗಳೇ. ಕಟ್ಟಿತ್ತು, ಅಲ್ವ?"

"ಹಗ್ಗ ಬಿಚ್ಚಿತ್ತು," ಎಂದಳು ಫೀನಿ. "ಯಾವಾಗ್ಲೂ ಬಿಚ್ಚಿರ್ತಿತ್ತು. ಬಿಚ್ಚೋ ತನಕ ನಾನು ಈಚೆಗೇ ಬರ್ತಿರ್ಲಿಲ್ಲ. ನಾಚಿಕೆ ನಂಗೆ." ತಡೆದು ತಡೆದು ಬಂದ ಮಾತು ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. "ಇಂಥಾ ಒಂದು ಸಲ ಅಂತಲ್ಲ, ಎರಡು ವರ್ಷದಿಂದ ಪ್ರತಿ ಶನಿವಾರ. ಸ್ವಾಮಿ, ದಯವಿಟ್ಟು ನಮ್ಮಮ್ಮನ ಕೈ ನೋಡಿ."

ನದಿಯ ದಂಡೆಯಲ್ಲಿ ಹುಟ್ಟಿದವರಿಗೆ ಹಗ್ಗ ಬಿಚ್ಚಿತೆಂದರೆ ದೋಣಿ ಪರರಾಜ್ಯದ ನೀರಿನಲ್ಲಿದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಪಿಂಕ್ನಿ ಕೂತುಬಿಟ್ಟ. ಅಮ್ಮ ಎರಡೂ ಕೈಗಳನ್ನು ಮಡಿಲ ಶಾಲಿನೊಳಗೆ ಸೇರಿಸಿಕೊಂಡು, "ಏನೇ ಇದು, ಜನರ ಮುಂದೆ?" ಎಂದಳು. ಕೋಟ್ಸ್ ಅಲ್ಲಾಡಲಿಲ್ಲ. ಎದ್ದವನು ಅಪ್ಪ. ಹೆಂಡತಿಯ ಮುಂದೆ ಒಂದು ಮೊಣಕಾಲೂರಿ, ಶಾಲಿನೊಳಗಿಂದ ಅವಳ ಎಡಗೈ ತೆಗೆದು, ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಚ್ಚಿದ. ಉಗುರುಗಳನ್ನು ಬಹಳ ಹೊತ್ತು ನೋಡಿದ. ಇಪ್ಪತ್ತೊಂದು ವರ್ಷ ಊರವರ ನಾಲಿಗೆ, ಕಣ್ಣು, ಉಗುರು ನೋಡಿ ಔಷಧಿ ಕೊಟ್ಟವನು ಅವನು.

"ಆರ್ಮಿಂಡ," ಎಂದ. ಬೇರೆಯವರ ಎದುರು ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಆಮೇಲಿನದು ಬೇಗ ಮುಗಿಯಿತು. ಅಪ್ಪ ತಪ್ಪೊಪ್ಪಿಕೊಂಡ. ದಂಡ ದೊಡ್ಡದೇನಲ್ಲ. ಆದರೆ ಸರ್ಕಾರ ಅಚ್ಚುಹಾಕಿ ಊರೂರಿಗೆ ಕಳಿಸುವ ತೀರ್ಪಿನ ಹಾಳೆಯಲ್ಲಿ ಅವನ ಹೆಸರು ಬಂತು. ಅಂಚೆಯವನು ಅದನ್ನು ತಂದುಕೊಡುವಾಗ ಅತ್ತ ನೋಡಿಕೊಂಡು ಕೊಟ್ಟ. ಉಳಿದ ಪುಡಿಯನ್ನೆಲ್ಲ ಅಪ್ಪ ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣದ ಜೊತೆ ಹುಗಿದ. ಫೀನಿ ಸಲಿಕೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಮಣ್ಣು ಮುಚ್ಚಿದ ಮೇಲೆ ಅವನು ಬೆವರೊರೆಸಿಕೊಂಡು, "ಆ ಮಾತು ನಾನಾಡ್ಬೇಕಿತ್ತು," ಎಂದ. "ನಿನ್ನ ಕೈಲಿ ಆಡಿಸ್ಬಿಟ್ಟೆ." ಮತ್ತೆಂದೂ ಆ ವಿಷಯ ಎತ್ತಲಿಲ್ಲ. ಅಂಗಡಿ ನಡೆಯಿತು, ಬೀಜ, ಮೇಣದಬತ್ತಿ, ಬೇಸಿಗೆಯಲ್ಲಿ ಕುಡಿಯುವ ಸೋಡ ಮಾರಿಕೊಂಡು. ಶನಿವಾರದ ದೋಣಿಗೆ ಫೀನಿ ಹೋಗಲಿಲ್ಲ. ಮೇಜಿನ ಕೆಲಸ ತಪ್ಪಿದ ಕೆಜಾಯ ಅತ್ತೆ ಮುಂದಿನ ವರ್ಷ ಕ್ಲೀವ್‌ಲ್ಯಾಂಡಿನ ಒಂದು ಹ್ಯಾಟಿನ ಅಂಗಡಿಗೆ ಹೊರಟುಹೋದಳು.

ಅಮ್ಮನಿಗೆ ಪುಡಿ ಬಿಡಿಸಿದ ಆ ಅಕ್ಟೋಬರನ್ನು ಫೀನಿ ನೆನೆಯುವುದಿಲ್ಲ. ನೆನೆಯದಿದ್ದರೂ ಅದು ಬರುತ್ತದೆ. ಒಂದು ಪೊಟ್ಟಣ, ಅರ್ಧ, ಕಾಲು ಎಂದು ಅಮ್ಮ ಗೋಗರೆದದ್ದು. ಗೋಡೆಗೆ ತಲೆ ಒತ್ತಿಕೊಂಡು ಕೂತದ್ದು. ಒಂದು ದಿನ ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿ ತಣ್ಣಗೆ, "ಮೂರು ಮಾತು ಸುಳ್ಳು ಹೇಳಿದ್ರೆ ನಿನ್ನ ನಾಲಿಗೆ ಬಿದ್ದುಹೋಗ್ತಿತ್ತಾ? ನಂಗಿದ್ದಿದ್ದು ಅದೊಂದೇ ನೆಮ್ಮದಿ," ಎಂದದ್ದು.

ಕ್ರಿಸ್ಮಸ್ ಹೊತ್ತಿಗೆ ಅಮ್ಮನ ಉಗುರು ತಿಳಿಯಾಯಿತು. ವಸಂತಕ್ಕೆ ನಿಲ್ಲದೆ ಚರ್ಚಿನ ಮೆಟ್ಟಿಲು ಹತ್ತಿದಳು. ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದಳು. ಆದರೆ ತಲೆನೋವೂ ಅವಳ ಜೊತೆಗೇ ಬದುಕಿತು. ವಾರಕ್ಕೊಮ್ಮೆ ಬಂದು ಪರದೆ ಎಳೆಸುತ್ತಿತ್ತು. ಆ ಕೋಣೆಯಿಂದ ಹಾಡು ಮತ್ತೆ ಕೇಳಲಿಲ್ಲ. ಪಾದ್ರಿಯ ಹೆಂಡತಿಯನ್ನು ಮತ್ತೆ ಯಾರೂ ಅಣಕಿಸಲಿಲ್ಲ. ನಗುತ್ತಿದ್ದ ಆ ಅಮ್ಮನನ್ನು ಕೊಟ್ಟದ್ದೂ ಪುಡಿಯೇ, ಕೊಂಡೊಯ್ಯುತ್ತಿದ್ದದ್ದೂ ಪುಡಿಯೇ ಎಂದು ಫೀನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ, ಯಾರಿಗೂ ಹೇಳಿಕೊಳ್ಳಲಾಗದ ಹಾಗೆ, ಅವಳು ಇಂದಿಗೂ ಹಂಬಲಿಸುವುದು ಆ ಅಮ್ಮನಿಗೆ.

ಪುಡಿ ಬಿಡಿಸಿದ ಹೊಸತರಲ್ಲಿ, ಅಮ್ಮನ ನೋವಿನ ದಿನಗಳಲ್ಲಿ, ಫೀನಿ ಕತ್ತಲು ಮಾಡಿದ ಕೋಣೆಯ ಹೊರಗೆ ನೆಲದ ಮೇಲೆ ಕೂತಿರುತ್ತಿದ್ದಳು. ಒಳಗೆ ಕರೆಯುವವರಿರಲಿಲ್ಲ, ಎದ್ದುಹೋಗಲು ಮನಸ್ಸಿರಲಿಲ್ಲ. ಹಾಗೇ ಎರಡು ವರ್ಷ ಕಳೆಯಿತು. ಮಾರ್ಚಿನ ಒಂದು ಮಧ್ಯಾಹ್ನ, ನದಿಯ ಮಂಜುಗಡ್ಡೆ ಒಡೆಯುವ ಸದ್ದು ಕೇಳಿಸುತ್ತಿದ್ದಾಗ, ಒಳಗಿನಿಂದ ಅಮ್ಮನ ದನಿ ಬಂತು.

"ಹೊರಗೆ ಥಂಡಿ. ಯಾಕಲ್ಲಿ ಕೂತಿದೀಯ?"

ಫೀನಿ ಮೆಲ್ಲಗೆ ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತಳು. ಅಮ್ಮ ಕಣ್ಣು ಬಿಡಲಿಲ್ಲ. ತಡಕಾಡಿ ಮಗಳ ಕೈ ಹಿಡಿದು ಎಳೆದು ತನ್ನ ಹಣೆಯ ಮೇಲೆ ಇಟ್ಟುಕೊಂಡಳು. ಹಣೆಯ ನರವೊಂದು ಫೀನಿಯ ಹೆಬ್ಬೆರಳಿನ ಕೆಳಗೆ ಹೊಡೆದುಕೊಳ್ಳುತ್ತಿತ್ತು, ಜೋರಾಗಿ, ತಾಳ ತಪ್ಪದೆ.

"ಅಲ್ಲಲ್ಲ, ಇನ್ನೂ ಸ್ವಲ್ಪ ಈ ಕಡೆ," ಎಂದಳು ಅಮ್ಮ. "ಹೆದರ್ಬೇಡ್ವೇ, ಒತ್ತು."

ಫೀನಿ ಒತ್ತಿದಳು.